ಎರಡೆರಡು ಸಲ "ಖಚಿತವೇ?" ಅಂತ ಕೇಳಿದರೂ ಎಂಟರ್ ಒತ್ತಿಬಿಡ್ತಾರೆ. ಡೇರಿ ಸಾಫ್ಟ್‌ವೇರ್‌ನಲ್ಲಿ ತಪ್ಪು ತಡೆಯೋದು ಹೇಗೆ?

ಒಂಟಿಕೋಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವನು. ಎಂಟು ವರ್ಷದಿಂದ ಹಳ್ಳಿ ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟು ಜೀವನ ಮಾಡ್ತಿದ್ದೀನಿ. ಕಂಪನಿ ಗಿಂಪನಿ ಏನಿಲ್ಲ. ನಾನು, ಒಂದು ಲ್ಯಾಪ್‌ಟಾಪ್, ಒಂದು ಬೈಕ್, ಅಷ್ಟೇ. ಹದಿನೇಳು ಸಂಘಗಳಲ್ಲಿ ನನ್ನ ಪ್ರೋಗ್ರಾಮ್ ಓಡ್ತಾ ಇದೆ.

ಡೇರಿ ಒಳಗೆ ನೋಡಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಸದಸ್ಯರು ಹಾಲು ತರ್ತಾರೆ, ಟೆಸ್ಟರ್ ಒಂದು ಚೂರು ಸ್ಯಾಂಪಲ್ ತೆಗೆದು ಮಷಿನ್‌ಗೆ ಇಡ್ತಾರೆ, ಅದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಹೇಳುತ್ತೆ. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು, ನೀರು ಬಿಟ್ಟು ಉಳಿದ ಸತ್ವ. ಇವೆರಡರ ಮೇಲೆ ಲೀಟರಿಗೆ ದರ ನಿಲ್ಲೋದು. ಎಲ್ಲಾ ಸರಿಯಿದ್ದರೆ ತೂಕದ ಮಷಿನ್‌ನಿಂದ, ಟೆಸ್ಟಿಂಗ್ ಮಷಿನ್‌ನಿಂದ ಅಂಕಿ ತಾನಾಗೇ ಕಂಪ್ಯೂಟರಿಗೆ ಬರುತ್ತೆ, ಚೀಟಿ ಪ್ರಿಂಟ್ ಆಗುತ್ತೆ. ಆದರೆ ಕೇಬಲ್ ಲೂಸ್ ಆಗಿರುತ್ತೆ, ಇಲ್ಲ ಇಲಿ ಕಚ್ಚಿರುತ್ತೆ, ಇಲ್ಲ ಕರೆಂಟ್ ಹೋಗಿ ಬಂದು ಪೋರ್ಟ್ ಸತ್ತಿರುತ್ತೆ. ಆಗ ಕೈಯಲ್ಲೇ ಹೊಡೀಬೇಕು. ಸದಸ್ಯರ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಒಟ್ಟು ನಾಲ್ಕು ಬಾಕ್ಸ್. ಕೊನೆಯಲ್ಲಿ "ಉಳಿಸಬೇಕೆ? ಹೌದು / ಇಲ್ಲ".

ಹೋದ ತಿಂಗಳು ಒಂದು ಡೇರಿಯಲ್ಲಿ ಸೆಕ್ರೆಟರಿ 6.2 ಲೀಟರ್ ಬದಲು 62 ಹೊಡೆದರು. ಚುಕ್ಕಿ ಒತ್ತಿಲ್ಲ, ಅಥವಾ ಒತ್ತಿದ್ದು ಕೂತಿಲ್ಲ. ಆ ಮನೆಯಲ್ಲಿ ಇರೋದು ಒಂದೇ ಹಸು. ಒಂದು ಹಸು ಒಂದು ಹೊತ್ತಿಗೆ ಅರವತ್ತೆರಡು ಲೀಟರ್ ಕೊಡುತ್ತೆ ಅಂತ ನನ್ನ ಪ್ರೋಗ್ರಾಮ್ ಒಪ್ಪಿಕೊಂಡು, ಸಂತೋಷವಾಗಿ ಚೀಟಿ ಪ್ರಿಂಟ್ ಮಾಡಿತು. ಹಾಲು ತುಂಬಿಡೋ ಕೂಲರ್ ಟ್ಯಾಂಕಿನ ಅಳತೆಗೂ ಲೆಕ್ಕಕ್ಕೂ ತಾಳೆ ಬರದಿದ್ದಾಗ ಅಳತೆ ಕೋಲನ್ನೇ ಅನುಮಾನಿಸಿದರು. ಬಟವಾಡೆ ಆಗಿ ದುಡ್ಡು ಖಾತೆಗೆ ಹೋದ ಮೇಲೆ ಗೊತ್ತಾಯ್ತು. 55.8 ಲೀಟರ್ ಹೆಚ್ಚುವರಿ, ಲೀಟರಿಗೆ 36 ರೂಪಾಯಿಯಂತೆ 2008 ರೂಪಾಯಿ ಚಿಲ್ಲರೆ. ಸೆಕ್ರೆಟರಿ ಸದ್ಯಕ್ಕೆ ತಮ್ಮ ಜೇಬಿಂದ ಕಟ್ಟಿದ್ದಾರೆ. ಅವರ ಸಂಬಳ ಗೊತ್ತಿರೋ ನನಗೆ ಊಟ ಸೇರಲಿಲ್ಲ.

ಇದಕ್ಕೆ ಮುಂಚೆ ಬೇರೊಂದು ಕಡೆ ಫ್ಯಾಟ್ ಬಾಕ್ಸಿಗೆ ಎಸ್‌ಎನ್‌ಎಫ್, ಎಸ್‌ಎನ್‌ಎಫ್ ಬಾಕ್ಸಿಗೆ ಫ್ಯಾಟ್ ಹೋಗಿತ್ತು. ಆಗ ನಾನು ಮಾಡಿದ ಘನಕಾರ್ಯ ಹೇಳೋಕೆ ನಾಚಿಕೆ ಆಗುತ್ತೆ. "ಉಳಿಸಬೇಕೆ?" ಆದ ಮೇಲೆ ಇನ್ನೊಂದು ಬಾಕ್ಸ್ ಇಟ್ಟೆ, ಕೆಂಪು ಬಣ್ಣದಲ್ಲಿ: "ನಿಜವಾಗಿಯೂ ಖಚಿತವೇ?"

ಈ 62ರ ಗಲಾಟೆ ಆದಮೇಲೆ ಬೆಳಿಗ್ಗೆ ಆರೂ ಕಾಲಿಗೆ ಹೋಗಿ ಸೆಕ್ರೆಟರಿ ಹಿಂದೆ ನಿಂತು ನೋಡಿದೆ. ಎಡಗೈಯಲ್ಲಿ ಸ್ಯಾಂಪಲ್ ಬಾಟಲು, ಕಣ್ಣು ಹೊರಗಿನ ಸಾಲಿನ ಮೇಲೆ, ಬಾಯಿ ಯಾರದೋ ಮಗಳ ಮದುವೆ ವಿಚಾರದಲ್ಲಿ. ಬಲಗೈ ಮಾತ್ರ ನಂಬರ್ ಪ್ಯಾಡ್ ಮೇಲೆ ತನ್ನ ಪಾಡಿಗೆ ತಾನು ಓಡ್ತಿದೆ. ಎಸ್‌ಎನ್‌ಎಫ್ ಹೊಡೆದ ಮೇಲೆ ಟಕ್ ಟಕ್ ಟಕ್, ಮೂರು ಎಂಟರ್, ಒಂದೇ ಉಸಿರಿಗೆ. ನನ್ನ ಕೆಂಪು ಬಾಕ್ಸ್ ಪರದೆ ಮೇಲೆ ಮಿಂಚಿನ ಹಾಗೆ ಬಂದು ಹೋಯ್ತು. ಅವರು ಅದನ್ನ ನೋಡೇ ಇಲ್ಲ.

ತಡೆಯೋದು ಹೇಗೆ? ಇನ್ನೊಂದು ತಲೆನೋವು: ಉಳಿಸಿದ್ದನ್ನ ತಿದ್ದೋಕೆ ನಾನು ಅವಕಾಶವನ್ನೇ ಕೊಟ್ಟಿಲ್ಲ. ಕೊಡೋಣ ಅಂದರೆ ಸಂಘದ ಅಧ್ಯಕ್ಷರು ಬೇಡ ಅಂತಾರೆ. "ಸೆಕ್ರೆಟರಿ ಅಂಕಿ ತಿದ್ದಬಹುದು ಅಂತ ಊರಿಗೆ ಗೊತ್ತಾದರೆ ಮುಗೀತು, ಅವನನ್ನ ಕಳ್ಳ ಅಂತಾರೆ." ಅವರ ಮಾತೂ ಸುಳ್ಳಲ್ಲ.

---

ನೇರಮಾತು

ಸಾಫ್ಟ್‌ವೇರ್ ಎರಡು ಸಲ ಕೇಳಿದೆ, ಅವರು ಎರಡು ಸಲ ಹೌದು ಅಂದಿದ್ದಾರೆ. ಇನ್ನೇನು ಮಾಡಬೇಕು ಪಾಪ ಸಾಫ್ಟ್‌ವೇರ್? ಸೆಕ್ರೆಟರಿಗೆ ಒಂದು ದಿನ ಕೂರಿಸಿ ಟ್ರೈನಿಂಗ್ ಕೊಡಿ. ಕೆಲಸದಲ್ಲಿ ಗಮನ ಇರಬೇಕು.

---

ಒಂಟಿಕೋಡು

@ನೇರಮಾತು ಅವರು ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿದ್ದಾರೆ ಸಾರ್. ನೂರ ನಲವತ್ತು ಸದಸ್ಯರ ನಂಬರ್ ಬಾಯಿಪಾಠ. ಹೊಸಬರು ನೋಡಿ ನೋಡಿ ಒತ್ತುತ್ತಾರೆ, ಅವರಿಂದ ಈ ಥರ ತಪ್ಪು ಕಡಿಮೆ. ಕೈ ಪಳಗಿದವರದ್ದೇ ಸಮಸ್ಯೆ.

---

ಪರದೆಹಿಂದೆ

ಕೊನೆಯ ಸಾಲಿನಲ್ಲಿ ನೀವೇ ಉತ್ತರ ಹೇಳಿಬಿಟ್ಟಿದ್ದೀರಿ. ನಾನು ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿದ್ದೇನೆ, ಪರದೆಗಳನ್ನು ವಿನ್ಯಾಸ ಮಾಡೋದು. ನಮ್ಮಲ್ಲಿ ತಪ್ಪನ್ನು ಎರಡು ಜಾತಿಯಾಗಿ ನೋಡುತ್ತೇವೆ. ಏನು ಮಾಡಬೇಕು ಅನ್ನೋದೇ ತಪ್ಪಾಗಿ ತಿಳಿದಿರೋದು ಒಂದು. ತಿಳಿದಿದ್ದು ಸರಿಯೇ ಇದ್ದು ಕೈ ಜಾರೋದು ಇನ್ನೊಂದು. ಮೊದಲನೆಯದಕ್ಕೆ ಟ್ರೈನಿಂಗ್ ಮದ್ದು. ಎರಡನೆಯದಕ್ಕೆ ಅಲ್ಲ, ಯಾಕೆಂದರೆ ಅದು ಹುಟ್ಟೋದೇ ಅಭ್ಯಾಸದಿಂದ. ದಿನಕ್ಕೆ ಇನ್ನೂರೈವತ್ತು ಸಲ "ಹೌದು" ಒತ್ತಿದ ಕೈಗೆ "ಹೌದು" ಅನ್ನೋದು ಪ್ರಶ್ನೆಗೆ ಉತ್ತರವಾಗಿ ಉಳಿಯೋಲ್ಲ, ಎಸ್‌ಎನ್‌ಎಫ್ ಹೊಡೆಯುವುದರ ಬಾಲ ಆಗಿಬಿಡುತ್ತೆ. ನೀವು ಇನ್ನೊಂದು ಬಾಕ್ಸ್ ಇಟ್ಟಿದ್ದರಿಂದ ಆ ಬಾಲ ಒಂದು ಗೇಣು ಉದ್ದ ಆಯಿತು ಅಷ್ಟೆ.

ನಿಮ್ಮ 62 ಲೀಟರಿನ ಅಣ್ಣನಂಥ ಕತೆ ಜಪಾನಿನದು. 2005ರ ಡಿಸೆಂಬರ್ 8, ಟೋಕಿಯೋ ಷೇರುಪೇಟೆ. ಜೆ-ಕಾಮ್ ಅನ್ನೋ ಕಂಪನಿಯ ಷೇರು ಮೊದಲ ದಿನ ಮಾರಾಟಕ್ಕೆ ಬಂದಿತ್ತು. ಮಿಜುಹೊ ಸೆಕ್ಯುರಿಟೀಸ್‌ನಲ್ಲಿ ಒಂದು ಷೇರನ್ನು 6,10,000 ಯೆನ್‌ಗೆ ಮಾರಿ ಅಂತ ಹೊಡೆಯಬೇಕಿತ್ತು. 6,10,000 ಷೇರನ್ನು ಒಂದು ಯೆನ್‌ಗೆ ಮಾರಿ ಅಂತ ಹೊಡೆದರು. ನಿಮ್ಮ ಫ್ಯಾಟ್-ಎಸ್‌ಎನ್‌ಎಫ್ ಅದಲು ಬದಲಾದ ಹಾಗೇ. ಆ ಕಂಪನಿಯ ಒಟ್ಟು ಷೇರು ಇದ್ದದ್ದೇ 14,500. ಅಂದರೆ ಲೋಕದಲ್ಲಿ ಇಲ್ಲದಷ್ಟು ಷೇರನ್ನು ಮಾರಲು ಹೊರಟಿದ್ದರು, ಕಂಪ್ಯೂಟರ್ ಬೇಡ ಅನ್ನಲಿಲ್ಲ. ಎಚ್ಚರಿಕೆ ಬಂದಿತ್ತು, ದಾಟಿಕೊಂಡು ಹೋದರು. ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಮುಂದಿನದು: ತಪ್ಪು ಗೊತ್ತಾದ ಮೇಲೆ ರದ್ದು ಮಾಡಲು ಮತ್ತೆ ಮತ್ತೆ ಪ್ರಯತ್ನಿಸಿದರು, ಷೇರುಪೇಟೆಯ ಸಿಸ್ಟಮ್ಮಿನಲ್ಲೇ ದೋಷವಿದ್ದು ಅದು ರದ್ದಾಗಲಿಲ್ಲ. ನಷ್ಟ ಸುಮಾರು 4,000 ಕೋಟಿ ಯೆನ್. ಕೊನೆಗೆ 2009ರಲ್ಲಿ ಟೋಕಿಯೋದ ನ್ಯಾಯಾಲಯ ಅದರಲ್ಲೊಂದು ಪಾಲನ್ನು ಷೇರುಪೇಟೆಯೇ ಕಟ್ಟಿಕೊಡಬೇಕು ಅಂತ ಹೇಳಿತು. ಒತ್ತಿದವನು ಒತ್ತಿದ, ಸರಿ. ತಪ್ಪು ಕಂಡಮೇಲೂ ವ್ಯಾಪಾರ ನಿಲ್ಲಿಸದವರ ಪಾಲೂ ಇದೆ ಅಂತ.

ಆದ್ದರಿಂದ ನನ್ನ ಮೊದಲ ಸಲಹೆ, ಎರಡೂ ಬಾಕ್ಸ್ ಕಿತ್ತುಹಾಕಿ. ಕೇಳದೆ ಉಳಿಸಿ. ಅದರ ಬದಲು ಹಿಂದಿನ ಮೂರು ನಮೂದು ಪರದೆ ಮೇಲೆ ದಪ್ಪ ಅಕ್ಷರದಲ್ಲಿ ನಿಂತಿರಲಿ, ಒಂದೇ ಕೀ ಒತ್ತಿದರೆ ಕೊನೆಯದು ತಿದ್ದಲು ತೆರೆದುಕೊಳ್ಳಲಿ. ಜಿಮೇಲ್‌ನಲ್ಲಿ ಕಳಿಸಿದ ಪತ್ರ ಕೆಲವು ಸೆಕೆಂಡು ವಾಪಸ್ ತಗೋಬಹುದಲ್ಲ, ಅಲ್ಲಿ ಗುಟ್ಟೇನೂ ಇಲ್ಲ: ಪತ್ರ ಹೋಗಿರೋದೇ ಇಲ್ಲ, ಅಷ್ಟು ಹೊತ್ತು ಅಲ್ಲೇ ಹಿಡಿದಿಟ್ಟುಕೊಂಡಿರುತ್ತೆ. ನಿಮ್ಮ ನಮೂದು ಕೂಡ ಮುಂದಿನವರ ನಂಬರ್ ಹೊಡೆಯುವ ತನಕ ಹಸಿಯಾಗಿಯೇ ಇರಲಿ. ನಾವು ಮನುಷ್ಯರು ತಪ್ಪನ್ನು ಕಂಡುಹಿಡಿಯೋದು ಒತ್ತುವ ಮುಂಚೆ ಅಲ್ಲ. ಒತ್ತಿ ಅರ್ಧ ಕ್ಷಣ ಆದಮೇಲೆ "ಅಯ್ಯೋ" ಅಂತೀವಿ. ಆ "ಅಯ್ಯೋ"ಗೆ ಜಾಗ ಕೊಡಿ.

ಎರಡನೆಯದು ಬಾಕ್ಸ್‌ಗಳ ಹೋಲಿಕೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ವಿಮಾನಗಳು ಸುರಕ್ಷಿತವಾಗಿ ಇಳಿದಾದ ಮೇಲೆ ರನ್‌ವೇ ಮೇಲೇ ಹೊಟ್ಟೆ ಊರಿ ಕೂರುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರವನ್ನೇ ಮಡಚುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಅನ್ನೋ ಮನಃಶಾಸ್ತ್ರಜ್ಞ ಹೋಗಿ ನೋಡಿದರೆ, ಎರಡರ ಸ್ವಿಚ್ಚೂ ಪಕ್ಕಪಕ್ಕ, ನೋಡಲು ಒಂದೇ ಥರ. ಚಕ್ರದ ಹಿಡಿಗೆ ಪುಟ್ಟ ಚಕ್ರದ ಆಕಾರ, ಫ್ಲ್ಯಾಪ್ ಹಿಡಿಗೆ ಬೆಣೆಯ ಆಕಾರ ಕೊಟ್ಟರು. ಇವತ್ತಿಗೂ ವಿಮಾನದ ಚಕ್ರದ ಲಿವರ್ ತುದಿಯಲ್ಲಿ ಚಕ್ರವೇ ಇರುತ್ತೆ. ನಿಮ್ಮ ಫ್ಯಾಟ್, ಎಸ್‌ಎನ್‌ಎಫ್ ಬಾಕ್ಸ್ ಎರಡೂ ಅವಳಿಜವಳಿಯಂತಿದ್ದರೆ ಅದಲು ಬದಲಾಗದೆ ಇರುತ್ತಾ? ಅದೂ ಅಲ್ಲದೆ ಹಸುವಿನ ಹಾಲಲ್ಲಿ ಫ್ಯಾಟ್ ಮೂರೂವರೆ ನಾಲ್ಕು, ಎಸ್‌ಎನ್‌ಎಫ್ ಎಂಟೂವರೆ ಆಸುಪಾಸು. 8.4 ಮತ್ತು 3.9 ಅಂತ ಬಂದರೆ ಅದಲು ಬದಲಾಗಿದೆ ಅಂತ ಪ್ರೋಗ್ರಾಮ್‌ಗೇ ಗೊತ್ತಾಗಬೇಕು.

ಸದಸ್ಯರ ನಂಬರ್‌ಗೆ ಕೊನೆಯಲ್ಲಿ ಒಂದು ಪರೀಕ್ಷಾ ಅಂಕಿ ಸೇರಿಸಿದರೆ ಹೇಗೆ? ಆಧಾರ್‌ನ ಹನ್ನೆರಡನೇ ಅಂಕಿ ಅದೇ. ಯಾವುದೇ ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾದರೂ ಲೆಕ್ಕ ಸಿಕ್ಕಿಬೀಳುತ್ತೆ. ವೆರ್‌ಹೂಫ್ ಅನ್ನೋ ಡಚ್ ಗಣಿತಜ್ಞನ ಉಪಾಯ.

---

ಡೇರಿಅಕ್ಕ

ನಾನು ಹಾಸನ ಜಿಲ್ಲೆಯ ಒಂದು ಮಹಿಳಾ ಡೇರಿಯಲ್ಲಿ ಸೆಕ್ರೆಟರಿ. ಇಲ್ಲಿ ಬರೀ ಕಂಪ್ಯೂಟರ್‌ನೋರೇ ಮಾತಾಡ್ತಿದ್ದೀರಿ, ಕುರ್ಚೀಲಿ ಕೂರೋಳು ನಾನೂ ಎರಡು ಮಾತು ಹೇಳ್ತೀನಿ.

@ಪರದೆಹಿಂದೆ ಸಾರ್, ನಂಬರ್‌ಗೆ ಬಾಲ ಸೇರಿಸ್ತೀನಿ ಅನ್ನೋದು ಮಾತ್ರ ಬೇಡ. ನಮ್ಮೂರಲ್ಲಿ ಡೇರಿ ನಂಬರ್ ಅಂದರೆ ಮನೆತನದ ಹೆಸರಿದ್ದ ಹಾಗೆ. ಅತ್ತೆ ಸತ್ತ ಮೇಲೆ ಸೊಸೆಗೆ ಬರುತ್ತೆ. ಕ್ಯಾನಿನ ಮೇಲೆ ಪೇಂಟಲ್ಲಿ ಬರೆದಿರ್ತಾರೆ. "ನಲವತ್ತೊಂದು" ಅನ್ನೋದು "ನಾನೂರ ಹದಿನೇಳು" ಆಯ್ತು ಅಂದರೆ ನನ್ನನ್ನ ಊರು ಬಿಡಿಸ್ತಾರೆ.

14ರ ಬದಲು 41 ನಾನೂ ಹೊಡೆದಿದ್ದೀನಿ. ಈಗ ಹೊಡೀತಿಲ್ಲ. ಯಾಕೆ ಅಂದರೆ ನಂಬರ್ ಹೊಡೆದ ತಕ್ಷಣ ಪರದೆ ಮೇಲೆ ಹೆಸರು ಬರುತ್ತೆ, ನಾನು ಅದನ್ನ ಜೋರಾಗಿ ಓದ್ತೀನಿ. ಎದುರಿಗೆ ನಿಂತೋರು "ಹ್ಞೂಂ ಕಣಕ್ಕ" ಅಂತಾರೆ. ನಮ್ಮಲ್ಲಿ ಮೂರು ಜನ ಲಕ್ಷ್ಮಮ್ಮ ಇದ್ದಾರೆ, ಅದಕ್ಕೆ ಗಂಡನ ಹೆಸರೂ ಬರೋ ಹಾಗೆ ಮಾಡಿಸ್ಕೊಂಡೆ. ಲೀಟರು, ಫ್ಯಾಟು ಕೂಡ ಕೂಗಿ ಹೇಳ್ತೀನಿ. ಅರವತ್ತೆರಡು ಅಂತ ಕೂಗಿದ್ದರೆ ಸಾಲಲ್ಲಿ ನಿಂತೋರೆಲ್ಲ ನಗ್ತಿದ್ದರು, ಅಲ್ಲೇ ಮುಗೀತಿತ್ತು. ನಿಮ್ಮ ಪರದೆ ನನ್ನ ಕಡೆ ಮಾತ್ರ ಮುಖ ಮಾಡಿರುತ್ತಲ್ಲ ಅಣ್ಣ, ಹಾಲು ತಂದೋರ ಕಡೆಗೂ ಒಂದು ಸಣ್ಣ ಪರದೆ ಇಡಿ.

ಚುಕ್ಕಿ ವಿಚಾರ. ಬೆಳಿಗ್ಗೆ ಹೊತ್ತು ನನ್ನ ಬೆರಳಲ್ಲಿ ಹಾಲಿರುತ್ತೆ, ನೀರಿರುತ್ತೆ. ಚುಕ್ಕಿ ಕೀ ಇರೋದು ಎಂಟರ್ ಪಕ್ಕದಲ್ಲಿ, ಅಂಟಂಟು. ನಮ್ಮ ಹಳೇ ಮಷಿನ್‌ನಲ್ಲಿ ಚುಕ್ಕಿನೇ ಒತ್ತಂಗಿರಲಿಲ್ಲ, 62 ಅಂದರೆ 6.2 ಅಂತ ತಾನೇ ತಿಳ್ಕೊಳ್ತಿತ್ತು. ಚೆನ್ನಾಗಿತ್ತು. ಆದರೆ ರಜಕ್ಕೆ ಬಂದ ಹುಡುಗಿ ಆರು ಲೀಟರಿಗೆ ಬರೀ 6 ಹೊಡೆದು 0.6 ಮಾಡ್ತಿದ್ದಳು. ಅದಕ್ಕೂ ತಪ್ಪಿದ್ದಲ್ಲ.

ತಿದ್ದೋಕೆ ಬಿಡಬೇಡಿ ಅನ್ನೋ ಅಧ್ಯಕ್ಷರಿಗೆ ಒಂದು ಮಾತು ಕೇಳಿ. ತಿದ್ದೋಕೆ ಬಿಡದೆ ಇದ್ದರೆ ನಾವೇನು ಸುಮ್ನೆ ಇರ್ತೀವಾ? ನಾಳೆ ನಂಬರಲ್ಲಿ ಅಷ್ಟು ಕಡಿಮೆ ಹಾಕಿ ಸರಿ ಮಾಡ್ಕೊಳ್ತೀವಿ. ಇವತ್ತಿಂದೂ ಸುಳ್ಳು, ನಾಳೆದೂ ಸುಳ್ಳು. ಪುಸ್ತಕದಲ್ಲಿ ಬರೀತಿದ್ದ ಕಾಲದಲ್ಲಿ ನಮ್ಮ ಹಳೇ ಸೆಕ್ರೆಟರಿ ಹೇಳ್ಕೊಟ್ಟಿದ್ದು ಏನು ಗೊತ್ತಾ? ಅಂಕಿ ಮೇಲೆ ಅಂಕಿ ತೀಡಬೇಡ, ವೈಟ್ನರ್ ಹಾಕಬೇಡ. ಒಂದು ಗೆರೆ ಎಳಿ, ಹಳೇದು ಕಾಣಲಿ, ಮೇಲೆ ಹೊಸದು ಬರಿ, ಪಕ್ಕದಲ್ಲಿ ಸಹಿ ಹಾಕು. ಹಂಗೆ ತಿದ್ದಿದ್ದಕ್ಕೆ ಯಾರೂ ಅವರನ್ನ ಕಳ್ಳ ಅಂದಿಲ್ಲ.

---

ಹಳಿಬದಿ

ಅಕ್ಕಾರು ಹೇಳಿದ್ದು ಖರೇ ಅದ. ನಾ ರೈಲ್ವೆಯೊಳಗ ಮೂವತ್ತೈದು ವರ್ಷ ಸ್ಟೇಷನ್ ಮಾಸ್ತರಿಕಿ ಮಾಡಿ ರಿಟೈರ್ ಆದಾಂವ. ಈಗ ಗದಗಿನೊಳಗ ಮನಿ. ನಿಮ್ಮ ಸಾಫ್ಟ್‌ವೇರ್ ನನಗ ತಿಳಿಯೂದಿಲ್ಲ, ಆದ್ರ ನೀವು ಮಾತಾಡ್ಲಿಕ್ಕತ್ತಿದ್ದು ನಮ್ಮ ಇಂಟರ್‌ಲಾಕಿಂಗ್ ವಿಚಾರನ, ಅಂದ್ರ ತಪ್ಪು ಸಿಗ್ನಲ್ ಕೊಡಲಿಕ್ಕ ಬರಲಾರದಂಗ ಲಿವರಿಗೆ ಕೀಲಿ ಬೀಳೂ ವ್ಯವಸ್ಥಾ.

ಲಿವರ್ ಎಳದು ಸಿಗ್ನಲ್ ಕೊಡೂ ಕಾಲದಾಗ ನಾ ಹೊಸದಾಗಿ ಸೇರಿದ್ದೆ. ಒಂದು ಸಣ್ಣ ಸ್ಟೇಷನ್ನು, ರಾತ್ರಿ ಎರಡರ ಸುಮಾರು, ಮಳಿ. ಲೂಪ್ ಲೈನಿಗೆ, ಅಂದ್ರ ಮೇನ್ ಲೈನಿನ ಬಾಜೂಕಿನ ಹಳಿಗೆ, ಒಂದು ಪ್ಯಾಸೆಂಜರ್ ತಗೋಬೇಕಂತ ಲಿವರ್‌ಮನ್‌ಗ ಹೇಳಿದೆ. ಆಂವ ಎಳದಾ, ಬರಲಿಲ್ಲ. "ಕಾಲು ಕೊಟ್ಟು ಎಳಿಯೋ" ಅಂದೆ. ಕಾಲು ಕೊಟ್ಟ ಎಳದಾ, ಲಿವರ್ ಮಿಸುಕಲಿಲ್ಲ. ಎಣ್ಣಿ ಹಾಕಿಲ್ಲ ಅಂತ ಇಬ್ಬರೂ ಕೂಡಿ ಯಾರ್ಯಾರನೋ ಬೈದ್ವಿ. ಆಮ್ಯಾಲೆ ನಾ ಕಿಟಕ್ಯಾಗಿಂದ ಹಣಿಕಿ ಹಾಕಿದೆ. ಲೂಪ್ ಲೈನಿನ ಮ್ಯಾಲ ಗೂಡ್ಸ್ ಗಾಡಿ, ಹಿಂದಿನ ಕೆಂಪು ದೀಪ ಮಳಿಯಾಗ ಮಸುಕ ಮಸುಕ ಕಾಣ್ತಿತ್ತು. ಒಂದು ತಾಸಿನ ಹಿಂದ ನಾನ ತಗೊಂಡು ನಿಲ್ಲಿಸಿದ್ದೆ. ಮರತಿದ್ದೆ. ಆ ಲೈನಿಗೆ ಟ್ರ್ಯಾಕ್ ಸರ್ಕ್ಯೂಟ್ ಇತ್ತು, ಅಂದ್ರ ಹಳಿಯೊಳಗ ಸಣ್ಣ ಕರೆಂಟ್ ಹರಿಸಿ ಗಾಡಿ ಅದನೋ ಇಲ್ಲೋ ಹೇಳೂ ವ್ಯವಸ್ಥಾ. ಗಾಡಿ ನಿಂತದ್ದು ಅದಕ್ಕ ಗೊತ್ತಿತ್ತು, ಲಿವರ್ ಬಿಡಲಿಲ್ಲ. "ಖಚಿತ ಏನು?" ಅಂತ ಅದು ನನ್ನ ಕೇಳಿದ್ರ ನಾ ಹೌದು ಅಂತಿದ್ದೆ ನೋಡ್ರಿ. ಮನಸ್ಸಿನ್ಯಾಗ ಅಷ್ಟು ಖಚಿತ ಇತ್ತು.

ಜಾನ್ ಸ್ಯಾಕ್ಸ್‌ಬಿ ಅಂತ ಇಂಗ್ಲೆಂಡಿನಾಂವ 1856ರಾಗ ಇಂಟರ್‌ಲಾಕಿಂಗ್‌ಗೆ ಪೇಟೆಂಟ್ ತಗೊಂಡ. ಆವಾಗಿಂದ ರೈಲ್ವೆಯಾಗ ಇದೊಂದು ತತ್ವ ಅದ: ಮನಷ್ಯಾ ಮರೀತಾನ ಅಂತ ತಿಳಕೊಂಡ ಮಷಿನ್ ಮಾಡಬೇಕು. ಒಂಟಿ ಲೈನಿನ್ಯಾಗ ನೀಲ್ಸ್ ಬಾಲ್ ಟೋಕನ್ ಅಂತಿತ್ತು, ಕಬ್ಬಿಣದ ಗುಂಡು. ಎರಡು ಸ್ಟೇಷನ್ನಿನ ಮಷಿನ್‌ಗೂ ಕರೆಂಟಿನ ಸಂಬಂಧ. ಮುಂದಿನ ಸ್ಟೇಷನ್ನಿನಾಂವ ಒಪ್ಪಿದ್ರ ಅಷ್ಟ ಗುಂಡು ಹೊರಗ ಬರ್ತದ, ಒಂದು ಹೊರಗ ಇದ್ರ ಎರಡೂ ಕಡೆ ಇನ್ನೊಂದು ಬರಂಗಿಲ್ಲ. ಡ್ರೈವರ್ ಕೈಯಾಗ ಗುಂಡು ಇದ್ರ ಲೈನ್ ಅವಂದು.

ನಿಮಗ ಉಪಯೋಗ ಆಗೂದು ಎರಡು ಅದಾವ. ಒಂದು ಪ್ರೈವೇಟ್ ನಂಬರ್. ಗೇಟ್‌ಮನ್ ಗೇಟ್ ಹಾಕಿದ ಮ್ಯಾಲ ಫೋನಿನ್ಯಾಗ ನಮಗ ಬರೇ "ಹೌದು ಸಾಹೇಬ್ರ, ಹಾಕೇನಿ" ಅಂದ್ರ ನಡಿಯೂದಿಲ್ಲ. ಅವನ ಹತ್ರ ಎರಡಂಕಿ ನಂಬರಿನ ಹಾಳಿ ಇರ್ತದ, ಅದರಾಗಿನ ಮುಂದಿನ ನಂಬರ್ ನೋಡಿ ಹೇಳಿ, ಅದನ್ನ ಹೊಡದ ಹಾಕಬೇಕು. ನಾ ಬರಕೋಬೇಕು. ನಿದ್ದಿಗಣ್ಣಾಗ "ಹೌದು" ಅನ್ನಬಹುದು, ನಿದ್ದಿಗಣ್ಣಾಗ ಹಾಳಿ ನೋಡಿ ನಂಬರ್ ಓದಲಿಕ್ಕ ಆಗೂದಿಲ್ಲ. ಅಂಕಿ ವಿಪರೀತ ಅನಿಸಿದಾಗ ನೀವು ಹೌದು ಇಲ್ಲ ಕೇಳಬ್ಯಾಡ್ರಿ, ಲೀಟರ್ ಮತ್ತೊಮ್ಮೆ ಹೊಡಿ ಅನ್ರಿ.

ಇನ್ನೊಂದು, ಲಿವರ್ ಹೋಗಿ ಗುಂಡಿ ಒತ್ತೂ ಪ್ಯಾನೆಲ್ ಬಂದ ಮ್ಯಾಲ ಗಾಡಿಗೆ ಹಾಕಿದ ರೂಟ್ ತುರ್ತಾಗಿ ರದ್ದು ಮಾಡಲಿಕ್ಕ ಒಂದು ಗುಂಡಿ ಕೊಟ್ರು. ಒತ್ತಿದ ಕೂಡ್ಲೆ ರದ್ದಾಗಂಗಿಲ್ಲ, 120 ಸೆಕೆಂಡ್ ಕಾಯಬೇಕು, ಯಾಕಂದ್ರ ಗಾಡಿ ಹತ್ರ ಬಂದಿದ್ರ ನಿಲ್ಲಲಿಕ್ಕ ಟೈಮ್ ಬೇಕಲ್ಲ. ಒಂದ್ಸಲ ಒತ್ತಿದ್ರ ಕೌಂಟರ್ ಒಂದು ಅಂಕಿ ಮುಂದ ಹೋಗ್ತದ, ಅದನ್ನ ಹಿಂದ ತಿರುಗಿಸಲಿಕ್ಕ ಬರಂಗಿಲ್ಲ. ಹೊಸ ಅಂಕಿ, ಕಾರಣ, ಟೈಮ್ ರಜಿಸ್ಟರಿನ್ಯಾಗ ಬರೀಬೇಕು. ತಿದ್ದೂ ಹಕ್ಕು ಅದ, ಮುಚ್ಚಿಡೂ ಹಕ್ಕಿಲ್ಲ. ನಿಮ್ಮ ಅಧ್ಯಕ್ಷರಿಗೆ ಇದನ್ನ ಹೇಳಿ ನೋಡ್ರಿ.

ಎಚ್ಚರ ಇರಬೇಕಾದ್ದೂ ಒಂದದ. ಮಳಿಗಾಲದಾಗ ಜಲ್ಲಿ ತೋಯ್ದ್ರ ಟ್ರ್ಯಾಕ್ ಸರ್ಕ್ಯೂಟ್ ಗಾಡಿ ಇರಲಾರದನ ಗಾಡಿ ಅದ ಅಂತ ತೋರಸ್ತದ. ನಾಕು ಸಲ ಸುಳ್ಳ ಹೇಳಿದ್ರ ಐದನೇ ಸಲ ಖರೇ ಹೇಳಿದ್ರೂ ಮಂದಿ ನಂಬೂದಿಲ್ಲ. ನಿಮ್ಮ ಎಚ್ಚರಿಕಿ ಭಾಳ ಕೂಗಬಾರದು.

---

ಪರದೆಹಿಂದೆ

ಸ್ಟೇಷನ್ ಮಾಸ್ತರರಿಗೆ ದೊಡ್ಡ ನಮಸ್ಕಾರ. ಪ್ರೈವೇಟ್ ನಂಬರ್ ವಿಷಯ ನನಗೆ ಗೊತ್ತಿರಲಿಲ್ಲ. ನಾವು ಮೀಟಿಂಗ್‌ಗಳಲ್ಲಿ ಗಂಟೆಗಟ್ಟಲೆ ಕೊರೆಯೋದನ್ನ ಗೇಟ್‌ಮನ್ ಒಂದು ಹಾಳೆಯಲ್ಲಿ ಮುಗಿಸಿದ್ದಾರೆ.

ಡೇರಿಅಕ್ಕ ಹೇಳಿದ್ದಕ್ಕೆ ನನ್ನ ಪರೀಕ್ಷಾ ಅಂಕಿ ವಾಪಸ್. ಹೆಸರು ತೋರಿಸೋದೇ ಸರಿ. ಬ್ಯಾಂಕುಗಳೂ ಅಲ್ಲಿಗೇ ಬಂದಿವೆ: ಯುಪಿಐನಲ್ಲಿ ಕಳಿಸುವ ಮುಂಚೆ ಹೆಸರು ಕಾಣುತ್ತಿತ್ತು, ನೆಫ್ಟ್‌ನಲ್ಲಿ ಖಾತೆ ನಂಬರ್ ಹೊಡೆದು ದೇವರ ಮೇಲೆ ಭಾರ ಹಾಕಬೇಕಿತ್ತು. 2025ರ ಏಪ್ರಿಲ್ 1ರೊಳಗೆ ನೆಫ್ಟ್, ಆರ್‌ಟಿಜಿಎಸ್‌ಗೂ ಹೆಸರು ತೋರಿಸುವ ವ್ಯವಸ್ಥೆ ಮಾಡಿ ಅಂತ ರಿಸರ್ವ್ ಬ್ಯಾಂಕ್ ಹೇಳಿತು.

---

ಒಂಟಿಕೋಡು (ಐದು ವಾರದ ಮೇಲೆ)

ಏನೇನಾಯ್ತು ಅಂತ ಹೇಳದೆ ಓಡಿಹೋಗಬಾರದಲ್ಲ, ಬಂದೆ.

ಎರಡೂ ಬಾಕ್ಸ್ ಕಿತ್ತುಹಾಕಿದೆ. ಮೊದಲ ದಿನ ಸೆಕ್ರೆಟರಿ ಅಭ್ಯಾಸ ಬಲದಿಂದ ಮೂರು ಎಂಟರ್ ಒತ್ತಿ, ಎರಡು ಎಂಟರ್ ಮುಂದಿನ ಸದಸ್ಯರ ಬಾಕ್ಸಿಗೆ ಹೋಗಿ, ಖಾಲಿ ನಂಬರಿಗೆ ಪ್ರೋಗ್ರಾಮ್ ಕೀಂಯ್ ಅಂತ ಕೂಗಿ ರಂಪ ಆಯ್ತು. ಖಾಲಿ ಬಾಕ್ಸಲ್ಲಿ ಎಂಟರ್ ಒತ್ತಿದರೆ ಸುಮ್ಮನಿರು ಅಂತ ಬೈಕ್ ಮೇಲೇ ಕೂತು ಬದಲಾಯಿಸಿದೆ.

ಪ್ರತಿ ಸದಸ್ಯರದ್ದೂ ಹಿಂದಿನ ಹತ್ತು ದಿನದ ಅದೇ ಹೊತ್ತಿನ ಹಾಲಿಗೆ ಹೋಲಿಸಿ, ತೀರಾ ವ್ಯತ್ಯಾಸ ಇದ್ದರೆ "62? ನಿನ್ನೆ 6.4" ಅಂತ ತೋರಿಸಿ ಬಾಕ್ಸ್ ಖಾಲಿ ಮಾಡ್ತೀನಿ. ಮತ್ತೆ ಅದನ್ನೇ ಹೊಡೆದರೆ ಮರುಮಾತಿಲ್ಲದೆ ತಗೊಳ್ಳುತ್ತೆ. ಇಷ್ಟು ಲೀಟರಿಗಿಂತ ಹೆಚ್ಚು ಬೇಡ ಅಂತ ಎಲ್ಲರಿಗೂ ಒಂದೇ ಗೆರೆ ಹಾಕೋಕೆ ಆಗಲಿಲ್ಲ. ಅದೇ ಊರಲ್ಲಿ ಎಂಬತ್ತು ಲೀಟರ್ ಹಾಕೋ ಫಾರಂನೋರೂ ಇದ್ದಾರೆ.

ಮಾಸ್ತರ್ ಹೇಳಿದ ಮಳೆಗಾಲ ನನಗೆ ಹಬ್ಬದ ರೂಪದಲ್ಲಿ ಬಂತು. ಹಬ್ಬದ ಹಿಂದಿನ ದಿನ ಎಲ್ಲರೂ ಪಾಯಸಕ್ಕೆ ಹಾಲು ಮನೆಯಲ್ಲಿ ಉಳಿಸಿಕೊಂಡು ಅರ್ಧ ತಂದರು. ಒಂದೇ ಬೆಳಿಗ್ಗೆ ಇಪ್ಪತ್ತಮೂರು ಸಲ ಎಚ್ಚರಿಕೆ. ಹದಿನೈದನೇ ಸಲಕ್ಕೆ ಸೆಕ್ರೆಟರಿ ನನಗೆ ಫೋನ್ ಮಾಡಿ, "ಇದನ್ನ ಬಾಯಿ ಮುಚ್ಚಿಸ್ತೀಯೋ, ನಾನು ಪುಸ್ತಕದಲ್ಲಿ ಬರ್ಕೊಳ್ಳಲೋ" ಅಂದರು. ಈಗ ಕಡಿಮೆ ಬಂದರೆ ಎಚ್ಚರಿಸಲ್ಲ, ಜಾಸ್ತಿ ಬಂದರೆ ಮಾತ್ರ. ಅದು ರೈತರಿಗೆ ಅನ್ಯಾಯ ಅಲ್ವಾ ಅಂತ ಕೇಳಿದರೆ ಸೆಕ್ರೆಟರಿ ನಕ್ಕರು. "ಕಡಿಮೆ ಬಿದ್ದರೆ ಚೀಟಿ ಹಿಡ್ಕೊಂಡು ಅಲ್ಲೇ ಜಗಳಕ್ಕೆ ನಿಲ್ತಾರೆ. ಜಾಸ್ತಿ ಬಿದ್ದರೆ ತಾನೆ ಯಾರೂ ಬಾಯಿ ಬಿಡದೇ ಇರೋದು."

ಕರು ಹಾಕಿದ ಹಸು ಮತ್ತೆ ಹಾಲಿಗೆ ಬಂದಾಗ ಹಿಂದಿನ ಹತ್ತು ದಿನ ಏನೂ ಇರೋದಿಲ್ಲ, ಹೋಲಿಸೋಕೆ ಆಧಾರವೇ ಇಲ್ಲ. ಅಂಥವರಿಗೆ ಮೊದಲ ಮೂರು ದಿನ ಸುಮ್ಮನಿರ್ತೀನಿ. ಫ್ಯಾಟ್-ಎಸ್‌ಎನ್‌ಎಫ್ ಅದಲು ಬದಲು ಹಸುವಿನ ಹಾಲಲ್ಲಿ ಪಕ್ಕಾ ಸಿಗುತ್ತೆ. ಎಮ್ಮೆ ಹಾಲಲ್ಲಿ ಎರಡೂ ಅಂಕಿ ಹತ್ತಿರ ಬರೋದರಿಂದ ಅಷ್ಟು ನಂಬಿಕೆ ಇಲ್ಲ.

ತಿದ್ದುಪಡಿ ವಿಚಾರಕ್ಕೆ ಅಧ್ಯಕ್ಷರು ರೈಲ್ವೆ ಅಂದ ತಕ್ಷಣ ಒಪ್ಪಿದರು, ಅವರ ಅಳಿಯ ರೈಲ್ವೆಯಲ್ಲಿದ್ದಾನಂತೆ. ಹಳೇ ಅಂಕಿ ಮೇಲೆ ಕೆಂಪು ಗೆರೆ, ಕೆಳಗೆ ಹೊಸದು, ಚೀಟಿ ಮೇಲೆ ದಪ್ಪವಾಗಿ "ತಿದ್ದಿದ್ದು", ಎರಡೂ ಅಂಕಿ. ದಿನದ ಪಟ್ಟಿಯ ಮೂಲೆಯಲ್ಲಿ "ಇವತ್ತಿನ ತಿದ್ದುಪಡಿ: 3" ಅಂತ ಬರೋ ಹಾಗೆ ಮಾಡಿ ನೋಟೀಸ್ ಬೋರ್ಡಿಗೆ ಅಂಟಿಸಿದ್ವಿ. ಇಲ್ಲಿ ಎಡವಿದೆ. ಇನ್ನೊಂದು ಡೇರಿಯಲ್ಲಿ ಒಂದು ವಾರ ಪೂರ್ತಿ ಸೊನ್ನೆ ತಿದ್ದುಪಡಿ. ನನಗೆ ಹೆಮ್ಮೆ. ಹೋಗಿ ನೋಡಿದರೆ ಅಲ್ಲಿ ಅಂಕಿ ಹೊಡೆಯೋ ಹುಡುಗ ಬೋರ್ಡಿನ ಮೇಲೆ ಅಂಕಿ ಬೀಳುತ್ತಲ್ಲ ಅಂತ ಹೆದರಿ, ತಪ್ಪನ್ನೆಲ್ಲ ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಬರೆದುಕೊಂಡು ಸಂಜೆ ಹಾಲಲ್ಲಿ ಸರಿದೂಗಿಸ್ತಿದ್ದ. ಡೇರಿಅಕ್ಕ ಹೇಳಿದ್ದು ಅಕ್ಷರಶಃ. ಅವನನ್ನ ಬೈಯೋಕೆ ಬಾಯಿ ಬರಲಿಲ್ಲ, ಅವನನ್ನ ಹೆದರಿಸಿದ್ದು ನಾನೇ. ಬೋರ್ಡಿಂದ ತೆಗೆಸಿ, ತಿಂಗಳಿಗೊಮ್ಮೆ ಅಧ್ಯಕ್ಷರು ನೋಡಿ ಸಹಿ ಹಾಕೋ ಪುಸ್ತಕಕ್ಕೆ ಹಾಕಿದ್ದೀನಿ. ಈಗ ದಿನಕ್ಕೆ ಎರಡು ಮೂರು ಬರ್ತಿದೆ.

---

ಹಳಿಬದಿ

ಕೌಂಟರ್ ತಿರುಗೂದು ಗುನ್ನೆ ಅಲ್ರಿ ತಮ್ಮಾ. ನಮ್ಮಲ್ಲೂ ಹೊಸಾ ಹುಡುಗರು ಹಿಂಗ ಹೆದರತಿದ್ರು. ಇನ್ಸ್‌ಪೆಕ್ಟರ್ ಬಂದಾಗ "ಯಾಕ ಒತ್ತಿದಿ?" ಅಂತ ಮೊದಲ ಕೇಳಾಂವ ಇದ್ರ ಹೆದರತಾರ, "ಏನಾಗಿತ್ತು?" ಅಂತ ಕೇಳಾಂವ ಇದ್ರ ಹೇಳ್ತಾರ.

---

ಡೇರಿಅಕ್ಕ

ಆ 2008 ರೂಪಾಯಿ ಕಥೆ ಏನಾಯ್ತು ಅಣ್ಣ?

---

ಒಂಟಿಕೋಡು

ಒಂದು ಹಸುವಿನ ಯಜಮಾನರು ಮೊದಲು ನನಗೇನೂ ಗೊತ್ತಿಲ್ಲ ಅಂದರು. ಆಮೇಲೆ ಅವರ ಹೆಂಡತಿಯೇ ಚೀಟಿ ತಂದು ಕೊಟ್ಟರು, ಬಟವಾಡೆಗೆ ಇನ್ನೂರರಂತೆ ಹಿಡ್ಕೊಳ್ಳಿ ಅಂತ. ಸೆಕ್ರೆಟರಿಗೆ ಎರಡು ಕಂತು ವಾಪಸ್ ಬಂದಿದೆ.

ತಿದ್ದೋ ಕೀ ನಂಬರ್ ಪ್ಯಾಡಿನ ನಕ್ಷತ್ರದ ಗುಂಡಿಗೆ ಕೊಟ್ಟಿದ್ದೆ. ಪಕ್ಕದ ಮೈನಸ್ ಗುಂಡಿಗೂ ಅದಕ್ಕೂ ಬೆರಳಿಗೆ ವ್ಯತ್ಯಾಸ ಗೊತ್ತಾಗ್ತಿಲ್ಲ ಅಂದರು. ವಿಮಾನದ ಚಕ್ರದ ಕತೆ ಹೇಳಿದೆ. ಮಾರನೇ ದಿನ ಹೋಗಿ ನೋಡ್ತೀನಿ, ನಕ್ಷತ್ರದ ಮೇಲೆ ಅವರೇ ಎಂ-ಸೀಲ್‌ನಲ್ಲಿ ಕಡಲೆಕಾಳಿನಷ್ಟು ಉಂಡೆ ಮಾಡಿ ಅಂಟಿಸಿದ್ದಾರೆ. ಒದ್ದೆ ಬೆರಳಿಗೂ ಸಿಗುತ್ತಂತೆ. ಉಳಿದ ಹದಿನಾರು ಡೇರಿಗೂ ಒಂದು ಪ್ಯಾಕೆಟ್ ತಗೊಂಡು ಹೊರಟಿದ್ದೀನಿ.